ಎಲ್ಲವೂ ಒಂದೇ ತರ ಇದ್ದರೆ ಮಾತ್ರ ತಾಳ ಕೂಡುತ್ತದೆಯೇ? ವಿಜ್ಞಾನ ಹೇಳುವುದೇ ಬೇರೆ

ಒಂದು ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಂದು ಹಲಗೆ, ಅದರ ಮೇಲೆ 32 ಮೆಟ್ರೊನೋಮ್‌ಗಳು. ಸಂಗೀತ ಕಲಿಯುವವರು ತಾಳ ಹಿಡಿಯಲು ಇಟ್ಟುಕೊಳ್ಳುವ, ಟಿಕ್ ಟಿಕ್ ಎನ್ನುವ ಪುಟ್ಟ ಸಾಧನಗಳವು. ಮೊದಲಿಗೆ ಒಂದೊಂದೂ ತನ್ನಿಷ್ಟದಂತೆ ಬಡಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಎಲ್ಲವೂ ಸೇರಿ ಒಂದೇ ತಾಳಕ್ಕೆ ಬಡಿಯತೊಡಗುತ್ತವೆ. ಜಪಾನಿನ ಇಕೆಗುಚಿ ಪ್ರಯೋಗಾಲಯದವರು 2012ರಲ್ಲಿ ಹಾಕಿದ ವಿಡಿಯೋ ಇದು. ವಿಡಿಯೋ ಅಸಲಿ. ಆದರೆ ಅದರ ಜೊತೆ ಬರುವ ಬರಹಗಳ ಬಗ್ಗೆ ಹಾಗೆ ಹೇಳಲಾಗದು. "ಎಲ್ಲರೂ ಒಂದೇ ತರ ಯೋಚಿಸಿದರೆ ವಿಶ್ವವೇ ನಮ್ಮ ತಾಳಕ್ಕೆ ಬರುತ್ತದೆ", "ಕೋಟಿ ಜನ ಒಂದೇ ಕ್ಷಣದಲ್ಲಿ ಒಂದೇ ಶಬ್ದ ಮಾಡಿದರೆ ಆ ಕಂಪನಕ್ಕೆ ರೋಗಾಣು ಸಾಯುತ್ತದೆ" ಎಂಬಂಥ ಮಾತುಗಳು ಅವು.

ಇಂಥ ಬರಹಗಳ ಹಿಂದೆ ಒಂದು ನಂಬಿಕೆ ಇದೆ: ತಾಳ ಕೂಡಬೇಕಾದರೆ ಎಲ್ಲವೂ ಒಂದೇ ತರ ಇರಬೇಕು, ವ್ಯತ್ಯಾಸ ಇದ್ದರೆ ಕೆಡುತ್ತದೆ. ಕೇಳಲು ಸರಿ ಎನಿಸುತ್ತದೆ. ಬಹಳ ಕಾಲ ವಿಜ್ಞಾನಿಗಳ ಲೆಕ್ಕವೂ ಬಹುಮಟ್ಟಿಗೆ ಹಾಗೆಯೇ ಇತ್ತು. ಆದರೆ ಕಳೆದ ಮೂವತ್ತು ವರ್ಷಗಳ ಸಂಶೋಧನೆ ಇನ್ನೊಂದು ಸಂಗತಿಯನ್ನು ತೋರಿಸಿದೆ. ಕೆಲವು ವ್ಯವಸ್ಥೆಗಳಲ್ಲಿ ಬಿಡಿಭಾಗಗಳು ಒಂದೇ ತರ ಇದ್ದಾಗಲೇ ತಾಳ ತಪ್ಪುತ್ತದೆ. ಅವುಗಳ ನಡುವೆ ಸ್ವಲ್ಪ ಏರುಪೇರು ತಂದರೆ ತಾಳ ಕೂಡುತ್ತದೆ.

ಇದು ಹೇಗೆ ಸಾಧ್ಯ? ನಮ್ಮ ಮನೆಯ ಕರೆಂಟಿಗೂ ನಮ್ಮ ಹೃದಯಕ್ಕೂ ಇದರಿಂದ ಏನು ತಿಳಿಯುತ್ತದೆ? ಒಂದೊಂದಾಗಿ ನೋಡೋಣ.

ತಾಳ ಕೂಡುವುದು ಎಂದರೇನು?

ಬಿಡಿಬಿಡಿಯಾಗಿ ಮಿಡಿಯುವ ವಸ್ತುಗಳು ಒಂದರ ಮೇಲೊಂದು ಪ್ರಭಾವ ಬೀರಿ ಒಂದೇ ಲಯಕ್ಕೆ ಬರುವುದನ್ನು ವಿಜ್ಞಾನದಲ್ಲಿ ಸಿಂಕ್ರೊನೈಸೇಶನ್ ಎನ್ನುತ್ತಾರೆ. ನಾವು ಇಲ್ಲಿ ಸರಳವಾಗಿ 'ತಾಳ ಕೂಡುವುದು' ಎನ್ನೋಣ.

ಇದನ್ನು ಮೊದಲು ಗಮನಿಸಿ ಬರೆದಿಟ್ಟವರು ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್. 1665ರಲ್ಲಿ ಕಾಯಿಲೆಯಿಂದ ಮಲಗಿದ್ದ ಅವರು ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಲೋಲಕ ಗಡಿಯಾರಗಳನ್ನು ನೋಡುತ್ತಿದ್ದರು. ಎರಡೂ ಒಂದೇ ಲಯದಲ್ಲಿ, ಆದರೆ ಎದುರುಬದುರು ದಿಕ್ಕಿಗೆ ತೂಗುತ್ತಿದ್ದವು. ಬೇಕೆಂದೇ ಲಯ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಸರಿಹೋಗುತ್ತಿದ್ದವು. ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನೆನೆದುಕೊಳ್ಳಿ. ಇಬ್ಬರದೂ ಒಂದೇ ಲಯ, ಆದರೆ ಒಬ್ಬರ ಒನಕೆ ಇಳಿಯುವಾಗ ಇನ್ನೊಬ್ಬರದು ಏರುತ್ತದೆ. ಇದೂ ಅಂಥದ್ದೇ.

ಗಡಿಯಾರಗಳ ಗುಟ್ಟು ತೊಲೆಯಲ್ಲಿತ್ತು. ಲೋಲಕದ ಪ್ರತಿ ತೂಗಾಟವೂ ತೊಲೆಯನ್ನು ಕಣ್ಣಿಗೆ ಕಾಣದಷ್ಟು ಅಲುಗಿಸುತ್ತದೆ. ಆ ಅಲುಗಾಟ ಇನ್ನೊಂದು ಗಡಿಯಾರಕ್ಕೆ ತಲುಪುತ್ತದೆ. ಮೆಟ್ರೊನೋಮ್ ವಿಡಿಯೋದಲ್ಲಿ ಆಗುವುದೂ ಇದೇ. ಅಲ್ಲಿ ಹಲಗೆ ಅತ್ತಿತ್ತ ಓಲಾಡುವಂತೆ ಇಟ್ಟಿರುತ್ತಾರೆ. ಅದೇ 32 ಮೆಟ್ರೊನೋಮ್‌ಗಳನ್ನು ಗಟ್ಟಿ ನೆಲದ ಮೇಲೆ ಇಟ್ಟರೆ ತಾಳ ಕೂಡುವುದಿಲ್ಲ. ಅಂದರೆ ಅಲ್ಲಿ ಕೆಲಸ ಮಾಡುವುದು ನಿಗೂಢ ಶಕ್ತಿಯಲ್ಲ, ಓಲಾಡುವ ಹಲಗೆ. ಒಂದರಿಂದ ಇನ್ನೊಂದಕ್ಕೆ ಪ್ರಭಾವ ದಾಟಲು ನಿಜವಾದ ದಾರಿ ಇಲ್ಲದಿದ್ದರೆ ತಾಳ ಕೂಡುವ ಪ್ರಶ್ನೆಯೇ ಇಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಳೆಯ ಲೆಕ್ಕ: ವ್ಯತ್ಯಾಸ ಶತ್ರು

1967ರಲ್ಲಿ ಅಮೆರಿಕದ ಆರ್ಥರ್ ವಿನ್‌ಫ್ರೀ, 1975ರಲ್ಲಿ ಜಪಾನಿನ ಯೋಶಿಕಿ ಕುರಮೊಟೊ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಕುರಮೊಟೊ ಮಾದರಿಯ ಸಾರ ಇಷ್ಟು: ಬೇರೆ ಬೇರೆ ವೇಗದಲ್ಲಿ ಮಿಡಿಯುವ ತುಂಬಾ ವಸ್ತುಗಳಿವೆ ಎಂದುಕೊಳ್ಳಿ. ಅವುಗಳ ನಡುವಿನ ನಂಟು ದುರ್ಬಲವಾಗಿದ್ದರೆ ಎಲ್ಲವೂ ತಮ್ಮ ಪಾಡಿಗೆ ಮಿಡಿಯುತ್ತವೆ. ನಂಟು ಒಂದು ಮಿತಿಯನ್ನು ದಾಟಿದಾಗ ಗುಂಪು ಒಟ್ಟಿಗೆ ಮಿಡಿಯಲು ಶುರುಮಾಡುತ್ತದೆ. ವೇಗಗಳ ವ್ಯತ್ಯಾಸ ಹೆಚ್ಚಿದಷ್ಟೂ ಆ ಮಿತಿ ಮೇಲಕ್ಕೆ ಹೋಗುತ್ತದೆ. ಅಂದರೆ ವ್ಯತ್ಯಾಸ ಜಾಸ್ತಿಯಾದರೆ ತಾಳ ಕೂಡುವುದು ಕಷ್ಟ.

ಈ ಲೆಕ್ಕ ತಪ್ಪಲ್ಲ. ಮಿಂಚುಹುಳುಗಳ ಹಿಂಡಿನಿಂದ ಹಿಡಿದು ಅನೇಕ ವ್ಯವಸ್ಥೆಗಳನ್ನು ಅರಿಯಲು ಇದು ನೆರವಾಗಿದೆ. ಆದರೆ ಇದು ಪೂರ್ತಿ ಕತೆಯಲ್ಲ.

ತಿರುವು ತಂದ ಮೂರು ಅಧ್ಯಯನಗಳು

ಮೊದಲನೆಯದು 1995ರದ್ದು. ಬ್ರೈಮನ್, ಲಿಂಡ್ನರ್ ಮತ್ತು ಡಿಟ್ಟೊ ಎಂಬ ಮೂವರು ವಿಜ್ಞಾನಿಗಳು 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸಿದ ಲೋಲಕಗಳ ಸಾಲನ್ನು ಅಧ್ಯಯನ ಮಾಡಿದ್ದರು. ಹೊರಗಿನಿಂದ ಬಲ ಕೊಟ್ಟು ತೂಗಿಸುವ ಲೋಲಕಗಳವು. ಎಲ್ಲವೂ ಒಂದೇ ಉದ್ದ ಇದ್ದಾಗ ಇಡೀ ಸಾಲು ಊಹಿಸಲಾಗದಂತೆ ಅಡ್ಡಾದಿಡ್ಡಿ ತೂಗುತ್ತಿತ್ತು. ಉದ್ದಗಳನ್ನು ಮನಬಂದಂತೆ ಸ್ವಲ್ಪ ಹೆಚ್ಚುಕಡಿಮೆ ಮಾಡಿದಾಗ ಸಾಲಿನ ತೂಗಾಟ ಕ್ರಮಕ್ಕೆ ಬಂತು. ಗೊಂದಲವನ್ನು ಪಳಗಿಸಿದ್ದು ಏರುಪೇರೇ.

ಎರಡನೆಯದು 2020ರದ್ದು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಅಡಿಲ್ಸನ್ ಮೊಟರ್, ತಕಾಶಿ ನಿಶಿಕಾವ ಮತ್ತು ಫೆರೆಂಕ್ ಮೋಲ್ನಾರ್ ಮೂರು ವಿದ್ಯುತ್ ಜನರೇಟರುಗಳನ್ನು ಒಂದಕ್ಕೊಂದು ಜೋಡಿಸಿ ಪ್ರಯೋಗ ಮಾಡಿದರು. ಮೂರೂ ಜನರೇಟರುಗಳು ತದ್ರೂಪಾಗಿದ್ದಾಗ ಒಂದೇ ಲಯದಲ್ಲಿ ನಿಲ್ಲಲಿಲ್ಲ. ಅವುಗಳ ನಡುವೆ ತಕ್ಕಷ್ಟು ವ್ಯತ್ಯಾಸ ತಂದಾಗ ಮೂರೂ ಒಂದೇ ಲಯಕ್ಕೆ ಬಂದವು. ವರ್ತನೆ ಒಂದೇ ಆಗಲು ಸ್ವಭಾವ ಬೇರೆಯಾಗಬೇಕಾಯಿತು. ನಿಶಿಕಾವ ಮತ್ತು ಮೊಟರ್ 2016ರಲ್ಲೇ ಗಣಿತದಿಂದ ಹೇಳಿದ್ದನ್ನು ಈ ಪ್ರಯೋಗ ಕಣ್ಣೆದುರು ತೋರಿಸಿತು.

ಮೂರನೆಯದು 2021ರದ್ದು. ರಾಸಾಯನಿಕ ಕ್ರಿಯೆಯಿಂದ ಮಿಡಿಯುವ ವಿದ್ಯುದ್ವಾರಗಳ ಜಾಲದ ಮೇಲೆ ಮೊಟರ್ ಮತ್ತು ಸಂಗಡಿಗರು ಪ್ರಯೋಗ ನಡೆಸಿದರು. ಇಲ್ಲಿ ಲೆಕ್ಕಹಾಕಿ ಜೋಡಿಸಿದ ವ್ಯತ್ಯಾಸವೂ ಬೇಕಾಗಲಿಲ್ಲ. ಮನಬಂದಂತೆ ತಂದ ಸಣ್ಣ ವ್ಯತ್ಯಾಸಗಳೂ ತಾಳ ಕೂಡಲು ನೆರವಾದವು.

ಆದರೆ ಇದು ಹೇಗೆ ಸಾಧ್ಯ?

ಕಿರಿದಾದ ಓಣಿಯಲ್ಲಿ ಎದುರಿನಿಂದ ಒಬ್ಬರು ಬರುತ್ತಾರೆ. ದಾರಿ ಬಿಡಲೆಂದು ನೀವು ಈ ಗೋಡೆಯ ಕಡೆ ಸರಿಯುತ್ತೀರಿ, ಅದೇ ಕ್ಷಣ ಅವರೂ ಅದೇ ಗೋಡೆಯ ಕಡೆ ಸರಿಯುತ್ತಾರೆ. ಮತ್ತೆ ಎದುರಾಬದುರು. ಇಬ್ಬರೂ ಆ ಗೋಡೆಯ ಕಡೆ ಹೊರಳುತ್ತೀರಿ. ಮತ್ತೆ ಅದೇ ಕತೆ. ಇಲ್ಲಿ ತೊಂದರೆ ಯಾರದೋ ತಪ್ಪಿನಿಂದ ಬಂದದ್ದಲ್ಲ. ಇಬ್ಬರೂ ಒಂದೇ ವೇಗದಲ್ಲಿ, ಒಂದೇ ರೀತಿಯಲ್ಲಿ ತಿದ್ದಿಕೊಳ್ಳಲು ಹೋದದ್ದೇ ತೊಂದರೆ. ಒಬ್ಬರು ಅರೆಕ್ಷಣ ನಿಧಾನಿಸಿದರೆ ಇಬ್ಬರಿಗೂ ದಾರಿ ಸಿಗುತ್ತದೆ.

ತದ್ರೂಪಿ ಜನರೇಟರುಗಳ ಪಾಡನ್ನೂ ಹೀಗೆಯೇ ಊಹಿಸಿಕೊಳ್ಳಬಹುದು. ಲಯದಲ್ಲಿ ಒಂದು ಚಿಕ್ಕ ಅಲುಗಾಟ ಬಂದಿತು ಎನ್ನಿ. ಎಲ್ಲವೂ ಒಂದೇ ರೀತಿ ಪ್ರತಿಕ್ರಿಯೆ ಕೊಟ್ಟರೆ ಒಂದರ ತಿದ್ದುಪಡಿ ಇನ್ನೊಂದರ ತಿದ್ದುಪಡಿಯ ಜೊತೆ ಸೇರಿ ಅಲುಗಾಟ ಬೆಳೆಯಬಹುದು. ಒಂದು ಬೇಗ ಶಾಂತವಾಗುವಂಥದ್ದು, ಇನ್ನೊಂದು ನಿಧಾನಕ್ಕೆ ಶಾಂತವಾಗುವಂಥದ್ದು ಆದರೆ ಅಲುಗಾಟಕ್ಕೆ ಬೆಳೆಯಲು ಒಂದೇ ದಾರಿ ಸಿಗುವುದಿಲ್ಲ. ಅದು ಅಲ್ಲಲ್ಲೇ ಕರಗುತ್ತದೆ.

ಇನ್ನೊಂದು ಕಾರಣವೂ ಇದೆ. ನಿಜಜೀವನದ ಜಾಲಗಳಲ್ಲಿ ಎಲ್ಲರ ಸ್ಥಾನ ಒಂದೇ ಅಲ್ಲ. ಒಂದು ಕೇಂದ್ರಕ್ಕೆ ಹತ್ತು ಕೊಂಡಿಗಳಿದ್ದರೆ ಇನ್ನೊಂದಕ್ಕೆ ಎರಡೇ ಇರುತ್ತವೆ. ಸ್ಥಾನವೇ ಬೇರೆ ಬೇರೆ ಇರುವಾಗ ಎಲ್ಲೆಡೆ ಒಂದೇ ತರದ ಯಂತ್ರ ಇಟ್ಟರೆ ಅದು ಸಮಾನತೆಯಾಗುವುದಿಲ್ಲ. ಜೋಡೆತ್ತಿನಲ್ಲಿ ಒಂದು ಬಲವಾಗಿದ್ದು ಇನ್ನೊಂದು ಸೊರಗಿದ್ದರೆ ನೊಗವನ್ನು ನಟ್ಟನಡುವೆ ಕಟ್ಟುವ ಬದಲು ತುಸು ಸರಿಸಿ ಕಟ್ಟಿದರೆ ಭಾರ ಸರಿಯಾಗಿ ಹಂಚಿಹೋಗುತ್ತದೆ. ಒಂದು ಏರುಪೇರನ್ನು ಇನ್ನೊಂದು ಏರುಪೇರು ಸರಿದೂಗಿಸುತ್ತದೆ.

ನಿಮ್ಮ ಮನೆಯ ಸ್ವಿಚ್ಚಿಗೂ ಇದಕ್ಕೂ ಏನು ಸಂಬಂಧ?

ನಾವು ದಿನಾ ಬಳಸುವ ಅತಿ ದೊಡ್ಡ 'ತಾಳ ಕೂಡಿದ' ವ್ಯವಸ್ಥೆ ವಿದ್ಯುತ್ ಜಾಲ. ಭಾರತದ ಗ್ರಿಡ್‌ಗೆ ಜೋಡಿಸಿದ ಶಾಖೋತ್ಪನ್ನ, ಜಲ ಮತ್ತು ಅಣು ವಿದ್ಯುತ್ ಕೇಂದ್ರಗಳ ಜನರೇಟರುಗಳೆಲ್ಲ ಸೆಕೆಂಡಿಗೆ ಸುಮಾರು 50 ಆವರ್ತದ ಒಂದೇ ಲಯದಲ್ಲಿ ನಡೆಯಬೇಕು. ಇದನ್ನೇ 50 ಹರ್ಟ್ಜ್ ಎನ್ನುವುದು.

ದೇಶವೆಲ್ಲ ಒಂದೇ ಲಯಕ್ಕೆ ಬಂದದ್ದು ತೀರಾ ಹಳೆಯ ಮಾತಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ, ಎರಡನೇ ದಿನ ಪೂರ್ವ ಮತ್ತು ಈಶಾನ್ಯ ಭಾರತದಲ್ಲೂ ಗ್ರಿಡ್ ಕುಸಿಯಿತು. ಸುಮಾರು 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶಕ್ಕೆ ಕತ್ತಲೆ ಕವಿಯಿತು. ಆಗ ಕರ್ನಾಟಕ ಸೇರಿದಂತೆ ದಕ್ಷಿಣದ ರಾಜ್ಯಗಳು ಪಾರಾದವು. ದಕ್ಷಿಣದ ಗ್ರಿಡ್ ಉಳಿದ ಗ್ರಿಡ್‌ಗಳ ಜೊತೆ ವಿದ್ಯುತ್ ಕೊಡುಕೊಳ್ಳುತ್ತಿದ್ದರೂ ಒಂದೇ ಲಯಕ್ಕೆ ಜೋಡಿಕೊಂಡಿರಲಿಲ್ಲ. ಅದು ಜೋಡಿಕೊಂಡದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಒಂದೇ ಲಯಕ್ಕೆ ಬರುವುದರಿಂದ ಲಾಭವೂ ಇದೆ, ಅಪಾಯವೂ ಇದೆ ಎಂಬುದಕ್ಕೆ ಇದೇ ಸಾಕ್ಷಿ. ಎಲ್ಲೋ ಕೊರತೆಯಾದರೆ ಇನ್ನೆಲ್ಲಿಂದಲೋ ವಿದ್ಯುತ್ ಹರಿದು ಬರುತ್ತದೆ. ಆದರೆ ಎಲ್ಲೋ ಆದ ಎಡವಟ್ಟು ದೂರದವರೆಗೂ ತಟ್ಟಬಲ್ಲದು.

ಈ ಲಯವನ್ನು ಹಿಡಿದಿಡುವುದರಲ್ಲಿ ಏರುಪೇರಿಗೆ ಎರಡು ಪಾತ್ರಗಳಿವೆ.

ಒಂದು, ಜನರೇಟರುಗಳ ಕಡೆಯಿಂದ. 2021ರಲ್ಲಿ ಮೊಟರ್ ತಂಡ ಉತ್ತರ ಅಮೆರಿಕ ಮತ್ತು ಯೂರೋಪಿನ ವಿದ್ಯುತ್ ಜಾಲಗಳ ಮಾದರಿಗಳನ್ನು ಪರೀಕ್ಷಿಸಿತು. ಅಲುಗಾಟವನ್ನು ಅಡಗಿಸುವ ಗುಣ ಎಲ್ಲ ಜನರೇಟರುಗಳಲ್ಲೂ ಒಂದೇ ಸಮ ಇದ್ದಾಗಿನದಕ್ಕಿಂತ, ಅದನ್ನು ತಕ್ಕಂತೆ ಬೇರೆ ಬೇರೆ ಮಾಡಿದಾಗ ಜಾಲ ಹೆಚ್ಚು ಸ್ಥಿರವಾಗಬಲ್ಲದು ಎಂದು ಕಂಡುಬಂತು.

ಎರಡು, ನಮ್ಮ ನಿಮ್ಮ ಕಡೆಯಿಂದ. ನೀವು ಮಿಕ್ಸಿ ಹಾಕುವ ಹೊತ್ತಿಗೆ ಪಕ್ಕದ ಮನೆಯವರು ಗೀಸರ್ ಆಫ್ ಮಾಡಿರುತ್ತಾರೆ. ನಿಮ್ಮ ಫ್ರಿಜ್ ನಿಂತಾಗ ಅವರದು ಶುರುವಾಗಿರುತ್ತದೆ. ಕೋಟ್ಯಂತರ ಮನೆಗಳ ಈ ಅಡ್ಡಾದಿಡ್ಡಿಯೆಲ್ಲ ಒಟ್ಟು ಸೇರಿದಾಗ ಬೇಡಿಕೆ ನುಣುಪಾಗಿ ಏರಿಳಿಯುತ್ತದೆ. ಬಳಸುವ ನಾವು ತಾಳ ತಪ್ಪಿರುವುದರಿಂದಲೇ ಜನರೇಟರುಗಳಿಗೆ ತಾಳ ಹಿಡಿಯುವುದು ಸುಲಭ.

ಎಲ್ಲರೂ ಒಟ್ಟಿಗೆ ಒಂದೇ ಕೆಲಸ ಮಾಡಿದರೆ? 2020ರ ಏಪ್ರಿಲ್ 5ರ ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸುವ ಕರೆ ಬಂದಾಗ "ಗ್ರಿಡ್ ಕುಸಿಯುತ್ತದೆ, ಮನೆಯ ಉಪಕರಣ ಸುಟ್ಟುಹೋಗುತ್ತದೆ" ಎಂಬ ಫಾರ್ವರ್ಡ್‌ಗಳು ಓಡಾಡಿದವು. ಆ ರಾತ್ರಿ ದೇಶದ ವಿದ್ಯುತ್ ಬೇಡಿಕೆ ಸುಮಾರು 31 ಸಾವಿರ ಮೆಗಾವ್ಯಾಟ್ ಕುಸಿಯಿತು. ಮುಂಚಿನ ಅಂದಾಜಿನ ಎರಡು ಪಟ್ಟಿಗಿಂತ ಹೆಚ್ಚು ಅದು. ಆದರೂ ಗ್ರಿಡ್‌ನ ಲಯ 49.70ರಿಂದ 50.26 ಹರ್ಟ್ಜ್ ನಡುವೆಯೇ ಉಳಿಯಿತು. ಕಾರಣ ತಯಾರಿ. ಬೇಗ ಇಳಿಸಿ ಬೇಗ ಏರಿಸಬಹುದಾದ ಜಲವಿದ್ಯುತ್ ಘಟಕಗಳನ್ನು ಎಂಜಿನಿಯರುಗಳು ಸಿದ್ಧವಾಗಿಟ್ಟುಕೊಂಡಿದ್ದರು. ಬೀದಿದೀಪ, ಆಸ್ಪತ್ರೆ, ಮನೆಯ ಇತರ ಉಪಕರಣಗಳನ್ನು ಆರಿಸಬೇಡಿ ಎಂದೂ ಮೊದಲೇ ತಿಳಿಸಲಾಗಿತ್ತು. ಹಾಗಾಗಿ ಫಾರ್ವರ್ಡ್‌ನ ಭಯ ನಿಜವಾಗಲಿಲ್ಲ. ಆದರೆ ಅದರ ಹಿಂದಿನ ಪ್ರಶ್ನೆ ಪೂರ್ತಿ ಹುರುಳಿಲ್ಲದ್ದೂ ಆಗಿರಲಿಲ್ಲ.

ಹಳ್ಳಿಗಳಲ್ಲಿ ಇದನ್ನು ಇನ್ನೂ ಹತ್ತಿರದಿಂದ ನೋಡಬಹುದು. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಸೆಟ್‌ಗಳೆಲ್ಲ ಒಂದೇ ಗಳಿಗೆಗೆ ಶುರುವಾಗುತ್ತವೆ. ಮೋಟರು ಶುರುವಾಗುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಎಲ್ಲವೂ ಒಟ್ಟಿಗೆ ಎಳೆದರೆ ವೋಲ್ಟೇಜ್ ಬಿದ್ದು ಟ್ರಾನ್ಸ್‌ಫಾರ್ಮರ್ ಮೇಲೆ ಭಾರ ಬೀಳುತ್ತದೆ. ಸ್ಟಾರ್ಟರಿಗೆ ತಡವಾಗಿ ಶುರುಮಾಡುವ ಟೈಮರ್ ಹಾಕಿಸಿ, ಒಂದೇ ಟ್ರಾನ್ಸ್‌ಫಾರ್ಮರಿನ ರೈತರು ಬೇರೆ ಬೇರೆ ಸಮಯ ಇಟ್ಟುಕೊಂಡರೆ ಈ ಹೊಡೆತ ತಪ್ಪುತ್ತದೆ. ಏರುಪೇರಿನ ಲಾಭಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ದೇಹದಲ್ಲಿ ತಾಳ: ಹೆಚ್ಚಾದರೂ ಕಷ್ಟ

"ಆರೋಗ್ಯವಂತರ ಹೃದಯ ಗಡಿಯಾರದಂತೆ ಬಡಿಯುತ್ತದೆ" ಎಂಬ ಮಾತು ಸರಿಯಲ್ಲ. ಹೃದಯದ ಮೇಲ್ಭಾಗದಲ್ಲಿರುವ ಪೇಸ್‌ಮೇಕರ್ ಜೀವಕೋಶಗಳ ಗುಂಪು ಒಟ್ಟಿಗೆ ಮಿಡಿದು ಪ್ರತಿ ಬಡಿತವನ್ನು ಶುರುಮಾಡುತ್ತದೆ. ಆ ಕೋಶಗಳೂ ಒಂದರಂತೆ ಒಂದಿಲ್ಲ. ಎರಡು ಬಡಿತಗಳ ನಡುವಿನ ಅಂತರವೂ ಪ್ರತಿಬಾರಿ ತುಸು ಬದಲಾಗುತ್ತದೆ. ಉಸಿರು ಒಳಗೆಳೆದಾಗ ಬಡಿತ ಸ್ವಲ್ಪ ಬೇಗ, ಹೊರಬಿಟ್ಟಾಗ ಸ್ವಲ್ಪ ನಿಧಾನ. ಇದು ಸಹಜ. ಹೃದಯಾಘಾತ ಆದವರಲ್ಲಿ ಈ ಏರಿಳಿತ ತೀರಾ ಕಡಿಮೆಯಾಗುವುದು ಒಳ್ಳೆಯ ಸೂಚನೆ ಅಲ್ಲ ಎಂದು ಅಧ್ಯಯನಗಳು ಕಂಡುಕೊಂಡಿವೆ.

ಹಾಗೆಂದು ಯಾವುದೇ ಅಡ್ಡಾದಿಡ್ಡಿ ಬಡಿತ ಒಳ್ಳೆಯದು ಎಂದುಕೊಳ್ಳಬೇಡಿ. ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳ ತಾಳ ಪೂರ್ತಿ ಕೆಡುತ್ತದೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸ್ಮಾರ್ಟ್‌ವಾಚ್ ಬಡಿತ ಸರಿಯಿಲ್ಲ ಎಂದು ಎಚ್ಚರಿಸಿದರೆ ವೈದ್ಯರನ್ನು ಕಂಡು ಇಸಿಜಿ ಮಾಡಿಸಿಕೊಳ್ಳಿ. ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಜೊತೆಗಿದ್ದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ. ಈ ಲೇಖನವನ್ನಾಗಲಿ ಯಾವುದೇ ಫಾರ್ವರ್ಡನ್ನಾಗಲಿ ನೋಡಿ ಸುಮ್ಮನಾಗಬೇಡಿ.

ಮಿದುಳಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ನರಕೋಶಗಳು ಅಳತೆ ಮೀರಿ ಒಟ್ಟಿಗೆ ಮಿಡಿದಾಗ ಮೂರ್ಛೆರೋಗದ ಸೆಳವು ಬರುತ್ತದೆ. ನಿದ್ದೆ ಎಚ್ಚರಗಳ ದಿನಚರಿ ನಡೆಸುವ ಮಿದುಳಿನ ಗಡಿಯಾರದಲ್ಲಿ ಸುಮಾರು 20 ಸಾವಿರ ನರಕೋಶಗಳಿವೆ. ಬಿಡಿಯಾಗಿ ನೋಡಿದರೆ ಒಂದೊಂದರ ದಿನದ ಉದ್ದ ಒಂದೊಂದು. ಒಟ್ಟಾಗಿ ಮಾತ್ರ ಅವು ಸುಮಾರು 24 ಗಂಟೆಯ ಲಯ ಕೊಡುತ್ತವೆ.

ಹಾಗಾದರೆ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ?

"ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಕಂಪನಕ್ಕೆ ವೈರಸ್ ಸಾಯುತ್ತದೆ": ಸುಳ್ಳು. 2020ರ ಮಾರ್ಚ್ 22ರ ಚಪ್ಪಾಳೆ ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಹೇಳಲು ಇತ್ತು. ಕಂಪನದ ಮಾತು ನಿಜವಲ್ಲ ಎಂದು ಕೇಂದ್ರ ಸರ್ಕಾರದ ಪಿಐಬಿ ಸತ್ಯಶೋಧನಾ ವಿಭಾಗವೇ ಆಗ ತಿಳಿಸಿತ್ತು.

"ಒಟ್ಟಿಗೆ ವಾಸಿಸುವ ಹೆಣ್ಣುಮಕ್ಕಳ ಮುಟ್ಟಿನ ದಿನಗಳು ಒಂದೇ ಆಗುತ್ತವೆ": ಆಧಾರವಿಲ್ಲ. 1971ರ ಒಂದು ಅಧ್ಯಯನ ಹೀಗೆ ಹೇಳಿತ್ತು. 2006ರಲ್ಲಿ ಪ್ರಕಟವಾದ, ಚೀನಾದ ಹಾಸ್ಟೆಲ್‌ಗಳಲ್ಲಿದ್ದ 186 ಮಹಿಳೆಯರ ಅಧ್ಯಯನದಲ್ಲಿ ಹಾಗೇನೂ ಕಾಣಲಿಲ್ಲ. ಒಬ್ಬೊಬ್ಬರ ಚಕ್ರದ ಉದ್ದ ಬೇರೆ ಬೇರೆ ಇರುವುದರಿಂದ ದಿನಾಂಕಗಳು ಆಗಾಗ ಹತ್ತಿರ ಬರುತ್ತವೆ, ಮತ್ತೆ ದೂರ ಹೋಗುತ್ತವೆ. ಹತ್ತಿರ ಬಂದದ್ದು ನೆನಪಿರುತ್ತದೆ, ದೂರ ಹೋದದ್ದು ಮರೆತುಹೋಗುತ್ತದೆ.

"ಗೊಂದಲದಿಂದಲೇ ಕ್ರಮ ಹುಟ್ಟುತ್ತದೆ ಎಂದು ವಿಜ್ಞಾನ ಒಪ್ಪಿದೆ, ಹಾಗಾಗಿ ಎಲ್ಲವೂ ತಾನಾಗಿ ಸರಿಹೋಗುತ್ತದೆ": ಅರ್ಧಸತ್ಯ. ಮೇಲಿನ ಪ್ರಯೋಗಗಳಲ್ಲಿ ನೆರವಾದದ್ದು ಅಳತೆಯೊಳಗಿನ ವ್ಯತ್ಯಾಸ. ಅದು ಮಿತಿ ಮೀರಿದರೆ ಕುರಮೊಟೊ ಹೇಳಿದಂತೆ ತಾಳ ಕೆಡುತ್ತದೆ. ಎಲ್ಲ ವ್ಯವಸ್ಥೆಗಳಲ್ಲೂ ಇದು ನಡೆಯುವುದೂ ಇಲ್ಲ.

ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಏನು ಏನಿನ ಜೊತೆ ತಾಳ ಕೂಡುತ್ತಿದೆ? ಒಂದರ ಪ್ರಭಾವ ಇನ್ನೊಂದಕ್ಕೆ ಯಾವ ದಾರಿಯಲ್ಲಿ ತಲುಪುತ್ತದೆ, ಅಲ್ಲಿ ತೊಲೆ ಅಥವಾ ಹಲಗೆಯಂಥದ್ದು ಏನಿದೆ? ತಾಳ ಕೂಡಿತು ಎಂದು ಯಾರು, ಹೇಗೆ ಅಳೆದರು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಗುಂಪಿನಲ್ಲಿ ಎಲ್ಲರೂ ಬಂದ ತಕ್ಷಣ ಮುಂದಕ್ಕೆ ದಾಟಿಸುತ್ತಿರುವಾಗ, ಒಬ್ಬರು ಒಂದು ನಿಮಿಷ ತಡೆದು ನೋಡಿದರೂ ಸುಳ್ಳಿನ ಓಟ ನಿಧಾನವಾಗುತ್ತದೆ.